ಕಾಮಣ್ಣನಿಗೆ ಹಾಕಿದ ಮಗ್ಗ

ಹೋದ ತಿಂಗಳು ಸೊಸೆ ಕೈಮಗ್ಗದ ಸೀರೆಯೊಂದರ ಮಡಿಕೆ ಬಿಚ್ಚಿ ತೋರಿಸಿದಳು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಚೆನ್ನಾಗಿದೆ ಎಂದು ಹೇಳಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಎದ್ದು ಹೊರಗೆ ಹೋದೆ.

ಅದು ನೇಕಾರ ಮಾವನ ವಾಸನೆ. ಮಾವ ಎಂದರೆ ಸಂಬಂಧದವರಲ್ಲ. ಐವತ್ತರ ದಶಕದಲ್ಲಿ ಗಜೇಂದ್ರಗಡದ ನಮ್ಮ ಮೇಲಿನ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಇದ್ದವರನ್ನೆಲ್ಲ ನಾವು ಹೀಗೇ ಯಾವುದಾದರೊಂದು ಸಂಬಂಧ ಹಚ್ಚಿ ಕರೆಯುತ್ತಿದ್ದೆವು. ಬೆಳಿಗ್ಗೆ ಮಾವ ಓಣಿಯುದ್ದಕ್ಕೂ ನೂಲು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ನಾವು ಅದರ ಕೆಳಗೆ ಬಗ್ಗಿ ಶಾಲೆಗೆ ಓಡುತ್ತಿದ್ದೆವು. ಒಂದು ಎಳೆ ಹರಿದರೂ ಬೈಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ರೋಣಕ್ಕೆ ಕೊಟ್ಟಿದ್ದರು. ಉಳಿದದ್ದು ಮಗ್ಗ ಒಂದೇ.

ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ ವರ್ಷ ಅವರ ಮನೆಯ ಹಿಂದಿನ ಗೋಡೆ ಕುಸಿಯಿತು. ಕೆಳಗಿನ ಓಣಿಯಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಹೋಳಿ ಹುಣ್ಣಿಮೆಗೆ ಐದು ದಿನ ಉಳಿದಿತ್ತು, ನಾನು ಊರಿಗೆ ಬಂದಿದ್ದೆ. ಮಗ್ಗ ಬಿಚ್ಚಿ, ಆ ಎಣ್ಣೆ ಕುಡಿದ ಹಳೆಯ ಮರದ ತುಂಡುಗಳನ್ನು ಹೆಗಲ ಮೇಲೆ ಹೊತ್ತು ಕೆಳಗಿನ ಓಣಿಗೆ ಸಾಗಿಸಿದವರು ನಾವೇ, ಮೇಲಿನ ಓಣಿಯ ಹುಡುಗರು. ಮಾವ ಹಿಂದಿನಿಂದ ಚೇಷ್ಟೆ ಮಾಡುತ್ತ ಬಂದರು.

"ಹೆಣಾ ಹೊತ್ತಂಗ ಹೊರಬ್ಯಾಡ್ರೋ, ಅದರಾಗ ಇನ್ನೂ ಜೀವ ಐತಿ."

ನಾವು ಬಿದ್ದು ಬಿದ್ದು ನಕ್ಕೆವು.

ನಮ್ಮ ಕಡೆಯ ಹೋಳಿಯ ಪದ್ಧತಿ ಗೊತ್ತಿರಬಹುದು. ಒಂದೊಂದು ಓಣಿಯ ಹುಡುಗರೂ ಕಟ್ಟಿಗೆ, ಸಗಣಿಯ ಕುಳ್ಳು ಕದ್ದು ಕಾಮಣ್ಣನ ಗುಡ್ಡೆ ಒಟ್ಟುವುದು, ಹುಣ್ಣಿಮೆಯ ಮರುದಿನ ಬೆಳಕು ಹರಿಯುವಾಗ ಸುಡುವುದು, ಯಾರ ಬೆಂಕಿ ಎತ್ತರ ಎಂದು ನೋಡುವುದು. ನಿಯಮ ಎರಡೇ. ಸ್ವಂತ ಓಣಿಯ ಮನೆ ಮುಟ್ಟಬಾರದು. ಗುಡ್ಡೆಗೆ ಬಿದ್ದದ್ದನ್ನು ತಿರುಗಿ ಕೇಳಬಾರದು.

ಹುಣ್ಣಿಮೆಯ ದಿನ ಮಾವ ಮಗಳನ್ನು ನೋಡಲು ರೋಣಕ್ಕೆ ಹೋದರು. ಮಗ್ಗ ಕೂಡಿಸುವ ಕುಣಿ ಇನ್ನೂ ತೋಡಿರಲಿಲ್ಲ. ಮರವೆಲ್ಲ ಹೊರಗೆ ಕಟ್ಟೆಗೆ ಆನಿಸಿತ್ತು. ಮಧ್ಯಾಹ್ನ ನಾವು ಹೋಗಿ ಅದನ್ನು ಹೊತ್ತು ತಂದೆವು. ಅದೇ ಹೆಗಲುಗಳು, ಅದೇ ದಾರಿ. ಮೊದಲು ಯಾರು ಸೂಚಿಸಿದರು, ನೆನಪಿಲ್ಲ... ನೆನಪಿಲ್ಲ ಎಂದು ಬರೆಯುವುದು ಎಷ್ಟು ಸುಲಭ!

ಸಂಜೆ ಬಸ್ಸಿಳಿದು ಮನೆಗೆ ಹೋದ ಮಾವನಿಗೆ ಕೆಳಗಿನ ಓಣಿಯವರು, ನಿಮ್ಮ ಹುಡುಗರೇ ಒಯ್ದಿದ್ದಾರೆ, ನೀವೇ ಕೇಳಿಕೊಳ್ಳಿ ಎಂದರಂತೆ. ಅವರು ಕೈಚೀಲ ಹಿಡಿದುಕೊಂಡೇ ಬಂದರು. ಸುಡುವುದು ಬೆಳಗಿಗೆ; ಮಗ್ಗ ಗುಡ್ಡೆಯ ಮೇಲೆ ಇಡಿಯಾಗಿತ್ತು. ನಮ್ಮ ಗುಂಪಿನ ಹಿರಿಯ, ಗರಡಿಯ ಪೈಲವಾನ, ಮಾವನನ್ನು ನೋಡಿ ನಾಚಿದ. ಒಯ್ಯಿರಿ, ನಾವೇ ತಂದು ಇಳಿಸುತ್ತೇವೆ ಎಂದ. ಇಬ್ಬರು ಮರಕ್ಕೆ ಕೈಯನ್ನೂ ಹಾಕಿದರು.

ಮಾವನ ಹಿಂದೆ ಕೆಳಗಿನ ಓಣಿಯ ಹುಡುಗರು ಬಂದು ನಿಂತಿದ್ದರು. ಅವರ ಪರವಾಗಿ ಅಲ್ಲ, ಮೋಜು ನೋಡಲು.

"ಅಂಜಿದ್ರು ನೋಡ್ರಲೇ. ಮ್ಯಾಲಿನ ಓಣಿ ಕಾಮಣ್ಣ ನುಂಗಿದ್ದು ಕಾರಾಕತ್ತಾನ."

ಆಗ ನಾನು ಹೇಳಿದೆ. "ಕಾಮಣ್ಣಗ ಹಾಕಿದ್ದು ತಿರುಗಿ ಕೊಡೂದಿಲ್ರಿ ಮಾವಾ. ನೀವೀಗ ಕೆಳಗಿನ ಓಣ್ಯಾವ್ರು."

ಮರಕ್ಕೆ ಹಾಕಿದ್ದ ಕೈಗಳು ಹಿಂದೆ ಸರಿದವು. ಮಾವ ನನ್ನನ್ನೇ ನೋಡಿದರು.

"ಐದ ದಿನದಾಗ ನಾ ಯಾರಾದ್ನೋ ತಮ್ಮಾ?"

ನಮ್ಮವರು ಬೊಬ್ಬೆ ಹಾಕಿದರು. ಯಾರೋ ನನ್ನ ಬೆನ್ನು ತಟ್ಟಿದರು.

ಬೆಳಿಗ್ಗೆ ಆ ಎಣ್ಣೆ ಕುಡಿದ ಮರ ಭುಗ್ಗೆಂದು ಉರಿಯಿತು. ಆ ವರ್ಷದ ನನ್ನ ದಿನಚರಿಯಲ್ಲಿ ಆ ದಿನಕ್ಕೆ ಇರುವುದು ಇಷ್ಟೇ: "ನಮ್ಮ ಬೆಂಕಿ ಎತ್ತರ." ಮಾವನ ಸುದ್ದಿಯೇ ಇಲ್ಲ. ಯುಗಾದಿಯ ಹೊತ್ತಿಗೆ ಅವರು ನರಗುಂದದ ಕಡೆ, ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯಲು ಹೋದರು.

ಮುಂದೆ ನಾನು ಮನಶ್ಶಾಸ್ತ್ರ ಓದಿದೆ, ಅದನ್ನೇ ಕಲಿಸಿದೆ. ಗುಂಪಿನಲ್ಲಿ ಮನುಷ್ಯ ತನ್ನನ್ನು ಮರೆಯುತ್ತಾನೆ ಎಂದು ಎಷ್ಟು ವರ್ಷ ಪಾಠ ಹೇಳಿದೆನೋ. ಈ ಕಥೆಯನ್ನೂ ಹೇಳುತ್ತಿದ್ದೆ, "ಒಬ್ಬ ಹುಡುಗ ಹೀಗೆಂದ" ಎಂದು. ಹೇಳಿ ಹೇಳಿ ಆ ಹುಡುಗನಿಗೆ ಬೇರೆಯೇ ಒಂದು ಮುಖ ಬಂದುಬಿಟ್ಟಿತ್ತು. ಥೂ! ನನ್ನನ್ನು ಮರೆತಿದ್ದೆನೆ ನಾನು? ಆ ಸಂಜೆ ಇದ್ದಷ್ಟು ಎಚ್ಚರ ನನ್ನ ಬಗ್ಗೆ ನನಗೆ ಎಂದೂ ಇರಲಿಲ್ಲ. ಧಾರವಾಡದ ನೀರು ಕುಡಿದು ಬಂದವನು ಇನ್ನೂ ಓಣಿಯವನೇ ಹೌದೋ ಅಲ್ಲವೋ ಎಂದು ಊರಿಗೆ ಬಂದಾಗಿನಿಂದ ಎಲ್ಲರೂ ನನ್ನನ್ನು ಕೆಣಕುತ್ತಿದ್ದರು. ಹೌದು ಎಂದು ತೋರಿಸಲು ನನಗೊಂದು ಅವಕಾಶ ಬೇಕಿತ್ತು. ಪೈಲವಾನನಿಗೆ ಬೇಕಿರಲಿಲ್ಲ, ಅವನನ್ನು ಓಣಿಯವನಲ್ಲ ಎಂದು ಯಾರು ಅನ್ನುತ್ತಿದ್ದರು? ಅದಕ್ಕೇ ಅವನಿಗೆ ನಾಚಿಕೆ ಬಂತು, ನನಗೆ ಬರಲಿಲ್ಲ.

ಮೊನ್ನೆ ರೋಣಕ್ಕೆ ಹೋಗಿ, ಮಾವನ ಮಗಳ ಮನೆ ಹುಡುಕಿದೆ. ಮುದುಕಿಯಾಗಿದ್ದಾರೆ. ಆ ಮಾತು ಆಡಿದವನು ನಾನು ಎಂದು ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ.

"ಅಪ್ಪ ಯಾರ ಹೆಸರೂ ಹೇಳ್ಲಿಲ್ರಿ," ಅಂದರು. "ಓಣಿ ಹುಡುಗ್ರು, ತಿಳೀದ ಮಾಡ್ಯಾವು ಅಂತಿದ್ದ. ಚಾ ಆರತೈತಿ, ಕುಡೀರಿ."

ನನ್ನ ಹೆಸರು ಮಾವನಿಗೆ ಗೊತ್ತಿತ್ತು. ನಾನು ಹುಟ್ಟಿದಾಗ ತೊಟ್ಟಿಲಿಗೆ ಬಟ್ಟೆ ನೇಯ್ದುಕೊಟ್ಟವರು ಅವರು. ನನ್ನನ್ನು ಬೇರೆ ತೆಗೆದು ಬೈದಿದ್ದರೆ... ಅದೂ ಇಲ್ಲ. ಎಲ್ಲರ ಜೊತೆ ನನ್ನನ್ನೂ ಮನ್ನಿಸಿ ಹೋಗಿಬಿಟ್ಟಿದ್ದಾರೆ. ತಿಳಿಯದೆ ಅಲ್ಲ, ತಿಳಿದೇ ಮಾಡಿದೆ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಆಕೆ ಚಹಾದ ಬಸಿಯನ್ನು ನನ್ನ ಕಡೆ ಸರಿಸಿದರು. ಈ ಮಾತು ಕೇಳಬೇಕಾದವರು ಸತ್ತು ಬಹಳ ವರ್ಷವಾಗಿತ್ತು.