ಠಾಣೆಯಿಂದ ಸಾನಪಾಡಾದವರೆಗಿನ ಇಂಗ್ಲಿಷ್

ಇಂಗ್ಲಿಷ್ ವ್ಯಾಕರಣ ನನ್ನ ತಲೆಗೆ ಹತ್ತಿದ್ದು ಶಾಲೆಯಲ್ಲಲ್ಲ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ.

ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಗಂಡ ತೀರಿಕೊಂಡ ಮೇಲೆ ಸಾನಪಾಡಾದ ಒಂದು ಆಫೀಸಿಗೆ ಸೇರಿದೆ. ನನ್ನ ಮೇಲ್‌ಗಳನ್ನು ಅಲ್ಲಿನ ಹುಡುಗಿಯರು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಡೊಂಬಿವಲಿಯ ಮನೆಯಲ್ಲಿ ಒಂದು ಮೇಲ್ ಬರೆದುಕೊಡು ಎಂದು ಮಗನನ್ನು ಕೇಳಿದರೆ, "ಮಮ್ಮೀ, ಮೊಬೈಲ್ ಲಿಖ್ ದೇಗಾ ನಾ" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ನಾನು ಕನ್ನಡದಲ್ಲಿ ಕೇಳುವುದು, ಅವನು ಹಿಂದಿಯಲ್ಲಿ ಮುಗಿಸುವುದು. ನಮ್ಮ ಮನೆಯ ಮಾತುಕತೆ ಅಷ್ಟೇ.

ಠಾಣೆ ಸ್ಟೇಷನ್ನಿನಲ್ಲಿ ಟ್ರೇನ್ ಬದಲಿಸುವಾಗ ಧಾರವಾಡ ಕಡೆಯ ಒಬ್ಬ ಟೀಚರ್ ಪರಿಚಯವಾದರು. ಠಾಣೆಯಲ್ಲೇ ಮನೆಯಾದ್ದರಿಂದ ಮೊದಲೇ ಬಂದು ಹತ್ತಿ, ಪಕ್ಕದ ಸೀಟಿನ ಮೇಲೆ ಟಿಫಿನ್ ಚೀಲ ಇಟ್ಟು, ನನಗೋಸ್ಕರ ಜಗಳಕ್ಕೂ ನಿಲ್ಲುತ್ತಿದ್ದರು. ಕೂತ ಕೂಡಲೇ ಪಾಠ.

"'ಟ್ರೇನ್ ಬಂದಾಗ' ಅಂತ ಅಷ್ಟ ಅಂದ್ರ ಮಾತು ಮುಗೀತೇನ್ರಿ ಅಕ್ಕಾರ? ಬಂದಾಗ ಏನಾತು ಅಂತ ಕೇಳ್ತಾರಲ್ರಿ. ಅದಕ್ಕ ಇನ್ನೊಂದು ಕ್ಲಾಜ್ ಜೋಡಿಗೆ ಬೇಕ್ರಿ."

"ನನ್ನ ಮಗನ ಮಾತಿನ ಹಾಗೆ ಮಾರಾಯ್ರೆ, ಅರ್ಧಕ್ಕೇ ನಿಲ್ತದೆ" ಎಂದರೆ ಇಡೀ ಡಬ್ಬಾ ತಿರುಗಿ ನೋಡುವಂತೆ ನಗುತ್ತಿದ್ದರು.

ಮೇಲ್ ಕಳಿಸುವ ಮೊದಲು ಮೊಬೈಲನ್ನು ಅವರ ಕಡೆ ತಿರುಗಿಸುತ್ತಿದ್ದೆ. "'ಫೈಲ್ ಕಳಿಸಲಾಯಿತು' ಅಂತ ಯಾಕ್ರಿ ಈ ಪ್ಯಾಸಿವ್? ಕಳಿಸಿದಾಕಿ ನೀವು! 'ನಾ ಕಳಿಸೀನಿ' ಅಂತ ಬರೀರಿ." ನಾನೋ, ಪ್ಯಾಸಿವ್ ಎಂದರೆ ಮರ್ಯಾದೆ ಎಂದುಕೊಂಡಿದ್ದೆ. 'ಐ' ಎಂದು ಶುರುಮಾಡಲು ನಾಚಿಕೆಯಾಗುತ್ತಿತ್ತು. ಸಾನಪಾಡಾ ಬಂದರೆ ನಾನು ಇಳಿಯುತ್ತಿದ್ದೆ, ಅವರು ಮುಂದಿನ ವಾಶಿಗೆ ಹೋಗುತ್ತಿದ್ದರು.

ಗಣಪತಿ ರಜೆ ಮುಗಿದ ಮೇಲೆ ಅವರು ಬರಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡೆ. ದೀಪಾವಳಿಯೂ ಕಳೆಯಿತು. ಫೋನ್ ಮಾಡೋಣವೆಂದರೆ ನಂಬರೇ ಇಲ್ಲ. ದಿನಾ ಪಕ್ಕದಲ್ಲೇ ಕೂರುವವರ ನಂಬರ್ ಯಾರು ಕೇಳುತ್ತಾರೆ? ಟ್ರೇನಿನ ಗೆಳೆತನವೇ ಹಾಗೆ. ಅವರ ಮೊಣಕಾಲು ನೋವು ಗೊತ್ತು, ಚಟ್ನಿಪುಡಿಯ ಖಾರ ಗೊತ್ತು; ಠಾಣೆಯಲ್ಲಿ ಮನೆ ಎಲ್ಲಿ, ವಾಶಿಯಲ್ಲಿ ಶಾಲೆ ಯಾವುದು ಗೊತ್ತಿಲ್ಲ. ಡಬ್ಬಾದ ಉಳಿದ ಹೆಂಗಸರಿಗೂ ಗೊತ್ತಿರಲಿಲ್ಲ.

ಒಂದು ಸಂಜೆ ಆಫೀಸಿನ ಸಾಹೇಬರು ನನ್ನ ಮೇಲ್ ಓದಿ, "ಕಿಸ್‌ನೇ ಲಿಖ್ ಕೇ ದಿಯಾ?" ಎಂದು ಕೇಳಿದರು. ಯಾರೂ ಬರೆದುಕೊಟ್ಟಿಲ್ಲ, ನಾನೇ ಬರೆದೆ ಎಂದೆ. ಯಾರಿಗಾದರೂ ಹೇಳಿಕೊಳ್ಳಬೇಕೆಂದು ಜೀವ ಒದ್ದಾಡಿತು. ಮಗನಿಗೆ ಹೇಳಿದೆ. "ನೈಸ್" ಎಂದ. ಆ ರಾತ್ರಿಯಷ್ಟು ಒಂಟಿ ಅನ್ನಿಸಿದ್ದು ಗಂಡ ಹೋದಾಗಲೂ ಇಲ್ಲ.

ಮರುದಿನ ಸಾನಪಾಡಾ ಬಂದರೂ ನಾನು ಏಳಲಿಲ್ಲ. ದಿನಾ ನೋಡುವ ಒಬ್ಬ ಹುಡುಗಿ, "ಆಂಟಿ, ಸಾನಪಾಡಾ ಆ ಗಯಾ" ಎಂದು ಎಚ್ಚರಿಸಿದಳು. ತಲೆಯಾಡಿಸಿ ಕೂತೇ ಇದ್ದೆ. ವಾಶಿಯಲ್ಲಿ ಇಳಿದೆ. ಜನ ಎರಡೂ ಕಡೆಗೆ ನಡೆದರು. ಅವರು ಎಡಕ್ಕೆ ಹೋಗುತ್ತಿದ್ದರೋ ಬಲಕ್ಕೋ? ಯಾವತ್ತೂ ಒಂದು ಸ್ಟೇಷನ್ ಮೊದಲೇ ಇಳಿದುಬಿಡುವ ನನಗೆ ಹೇಗೆ ಗೊತ್ತಾಗಬೇಕು?

ಬೆಂಚಿನ ಮೇಲೆ ಕೂತು ಸಾಹೇಬರಿಗೆ ಇಂಗ್ಲಿಷಿನಲ್ಲಿ ಬರೆದೆ: ನಾನು ಒಬ್ಬ ಗೆಳತಿಯನ್ನು ಹುಡುಕುತ್ತಿರುವುದರಿಂದ ಇವತ್ತು ತಡವಾಗುತ್ತದೆ. ಇನ್ನೊಮ್ಮೆ ಓದಿದೆ. ತಪ್ಪೇನೂ ಕಾಣಲಿಲ್ಲ. ಕಳಿಸುವ ಮೊದಲು ಅಭ್ಯಾಸಬಲದಿಂದ ಮೊಬೈಲನ್ನು ಪಕ್ಕಕ್ಕೆ ತಿರುಗಿಸಿ ಹಿಡಿದೆ.