ರಾಜನ ಕೈ ನಡುಗಿದರೇನು

ಮುಂದಿನ ಸಾಲಿನ ಹಿರಿಯರೇ, ಹಿಂದೆ ನಿಂತು ಕಡಲೆಕಾಯಿ ತಿನ್ನುತ್ತಿರುವ ಗೆಳೆಯರೇ, ಎಲ್ಲರೂ ಕೇಳಿಸಿಕೊಳ್ಳಿ. ಇಂದು ಸಂಜೆ ಬಸವೇಶ್ವರನಗರದಲ್ಲಿ, ನಮ್ಮ ನಾಟಕದ ತಾಲೀಮಿನಲ್ಲಿ, ರಾಜನಾದ ನನ್ನನ್ನು ಸಿಂಹಾಸನದಿಂದ ಇಳಿಸುವ ಪ್ರಯತ್ನ ನಡೆಯಿತು.

ಕಾರಣ ನನ್ನ ಬಲಗೈ. ಸೈಕೋಸಿಸ್ ಎಂಬ ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವ ನನಗೆ ಡಾಕ್ಟರು ಕೊಟ್ಟಿರುವ ಮಾತ್ರೆಯಿಂದ ಕೈ ನಡುಗುತ್ತದೆ. ಯುದ್ಧಕ್ಕೆ ಹೊರಡುವ ಹಾಡಿಗೆ ಕತ್ತಿ ಎತ್ತಿದೆ, ಕತ್ತಿ ತಾನೇ ತಾಳ ಹಾಕತೊಡಗಿತು. ಹಾರ್ಮೋನಿಯಂ ಮೇಷ್ಟ್ರು ನುಡಿಸುವುದನ್ನು ನಿಲ್ಲಿಸಿದರು.

“ನಾಟಕ ಮುಗಿಯೋವರೆಗೂ ಆ ಮಾತ್ರೆ ಬಿಟ್ಬಿಡಿ ಸ್ವಾಮಿ. ಇಲ್ಲಾಂದ್ರೆ ಮಂತ್ರಿ ಪಾರ್ಟ್ ಮಾಡಿ, ಸುಮ್ನೆ ಕೂತಿರಬಹುದು.”

“ಮೇಷ್ಟ್ರೇ, ಮಾತ್ರೆ ಬಿಟ್ರೆ ಕೈ ನಿಲ್ಲಬಹುದು. ಆದ್ರೆ ಹೋದ ವರ್ಷದ ಹಾಗೆ ಯಾರೂ ಇಲ್ಲದ ಕಡೆಯಿಂದ ದನಿಗಳು ಶುರುವಾಗ್ತವೆ. ಆಗ ನೀವು ಹೇಳ್ಕೊಟ್ಟ ಮಾತು ಆಡ್ಲಾ, ಅವು ಹೇಳ್ಕೊಟ್ಟಿದ್ದು ಆಡ್ಲಾ?”

ರಾಣಿಯ ಪಾತ್ರದ ಸರೋಜಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. “ಇವರೇ ಇರ್ಲಿ ಮೇಷ್ಟ್ರೇ. ರಾಜನಿಗೆ ಕೋಪ ಬಂದು ಕೈ ನಡುಗ್ತಿದೆ ಅಂತ ಜನ ಅಂದ್ಕೋತಾರೆ.”

“ಕೋಪಕ್ಕಲ್ಲಮ್ಮ, ಮಾತ್ರೆಗೆ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ,” ಎಂದೆ.

ಮೇಷ್ಟ್ರು ಅದೇ ಹಾಡನ್ನು ಮೊದಲಿಂದ ಹಿಡಿದರು. ನಾನೂ ಕತ್ತಿ ಎತ್ತಿದೆ.

ನಾಳೆ ಬೆಳಗ್ಗೆ ಡಾಕ್ಟರ ಎದುರು ಇದೇ ಮರದ ಕತ್ತಿ ಎತ್ತಿ ನಡುಕ ತೋರಿಸುತ್ತೇನೆ. ಮಾತ್ರೆ ಬಿಡದೆ ಇದನ್ನು ಕಡಿಮೆ ಮಾಡುವ ದಾರಿ ಕೇಳುತ್ತೇನೆ. ಕತ್ತಿ ಹಿಡಿದೇ ಬಸ್ ಹತ್ತುವುದರಿಂದ ಸೀಟಿನ ಚಿಂತೆಯಂತೂ ಇಲ್ಲ.