ಎದುರು ಮನೆಯ ನರ್ಸಮ್ಮನ ಸ್ಪ್ಯಾನಿಷ್ ಪಾಠ

ಪಾಂಡವಪುರದಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದರು. ಸ್ಪೇನ್ ದೇಶದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದು ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದರು. ಊಟ, ನಮಸ್ಕಾರ ಎಲ್ಲ ಆಮೇಲೆ, ಮೊದಲು ನೋವಿನ ಪದಗಳು. 'ಕಲಾಂಬ್ರೆ' ಎಂದು ಮೀನಖಂಡ ಹಿಡಿದುಕೊಳ್ಳುವರು, ಅದು ಸೆಳೆತ. 'ಆರ್ದೋರ್' ಎಂದು ಹೊಟ್ಟೆ ಮುಟ್ಟಿಕೊಳ್ಳುವರು, ಅದು ಉರಿ. ನಾನು ತಲೆನೋವು ಅಂದರೂ ಬಿಡುತ್ತಿರಲಿಲ್ಲ. "ಬರೀ ನೋವು ಅಂದ್ರೆ ಆಗಾಕಿಲ್ಲ ಕಣಕ್ಕ, ಎಂಥ ನೋವು ಯೋಳು."

ಅವರ ಅತ್ತೆ ಮಾತ್ರ ನೋವು ಅಂತ ಬಾಯಿ ಬಿಟ್ಟವರಲ್ಲ. ನಮ್ಮ ಕಡೆಯ ಹಳೇ ಹೆಂಗಸರೇ ಹಾಗೆ, ಎಲ್ಲಿ ಮೈಗಳ್ಳಿ ಅಂದುಬಿಡುತ್ತಾರೋ ಅನ್ನುವ ಭಯ. ಆದರೆ ಸೊಸೆಯ ಪಾಠ ಕೇಳಲು ಮಾತ್ರ ಎಲೆಯಡಿಕೆ ಹಿಡಿದು ಜಗಲಿಗೆ ಬಂದುಬಿಡುವರು.

ಒಂದು ಬೆಳಿಗ್ಗೆ ನರ್ಸಮ್ಮ, "ಅತ್ತೆ, ಇವೊತ್ತು 'ಒಪ್ರೆಸಿಯೋನ್'. ಎದೆ ಮ್ಯಾಲೆ ಕಲ್ಲು ಏರ್ದಂಗೆ ಆಗೋದು" ಎಂದರು.

"ಅದಾ? ನಂಗೆ ನೆನ್ನೆಯಿಂದ್ಲೂ ಅಂಗೇ ಆಯ್ತದೆ ಕಣವ್ವ. ಎಡಗೈಗೂ ಇಳೀತದೆ, ಅದ್ಕೇನ್ ಅಂತಾರೆ?"

ನರ್ಸಮ್ಮ ಮೊಬೈಲು ಅಲ್ಲೇ ಬಿಟ್ಟು ಆಟೋ ಕರೆಯಲು ಓಡಿದರು. ನಾನೂ ಜೊತೆಗೆ ಹತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರೆ ಅತ್ತೆ ಸೆರಗು ಸರಿಮಾಡಿಕೊಂಡು, "ನಂಗೇನಾಗಿಲ್ಲ ಸಾ, ಗಟ್ಟಿಯಾಗಿವ್ನಿ" ಅಂದುಬಿಟ್ಟರು.

ನರ್ಸಮ್ಮ ಬೈಯಲಿಲ್ಲ. ಮಂಚದ ಪಕ್ಕ ಕೂತು, "ಅತ್ತೆ, ನನ್ ಪಾಠ ಅರ್ಧಕ್ಕೇ ನಿಂತೋಯ್ತಲ್ಲ. ಎಲ್ಲಿಂದ ಎಲ್ಲಿಗಂಟ ಇಡ್ಕೊತದೆ, ಯೋಳ್ಕೊಡಿ" ಎಂದರು.

"ಎದೆಯಿಂದ ದವಡೆಗಂಟ ಬತ್ತದೆ. ಸರ್ಯಾಗಿ ಕಲ್ತ್ಕೊ, ಅಲ್ಲೋಗಿ ತಪ್ಪು ಯೋಳ್ಬುಟ್ಟೀಯೆ."

ಅಷ್ಟರಲ್ಲಿ, ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಡಾಕ್ಟರು ಇಸಿಜಿಗೆ ಹೇಳಿಯಾಗಿತ್ತು.